ಚೀಲದ ಬಾಯಿ

ನಿನ್ನ ಬಗ್ಗೆ ಬರೆಯುತ್ತೇನೆ, ಹೆಸರು ಮಾತ್ರ ಬದಲಿಸುತ್ತೇನೆ ಎಂದಾಗ ರಂಗವ್ವ ಸಿಟ್ಟಿಗೆದ್ದಳು. “ಬ್ಯಾನಿ ನನಗ ಬಂದೈತ್ರಿ ಅಕ್ಕಾರ, ನನ್ನ ಹೆಸರಿಗೆ ಬಂದಿಲ್ಲ. ಇದ್ದದ್ದ ಇರ್ಲಿ.” ನನಗಿಂತ ಹತ್ತು ವರ್ಷ ದೊಡ್ಡವಳು ನನ್ನನ್ನು ಅಕ್ಕಾರ ಎನ್ನುತ್ತಾಳೆ, ನಾನು ಅವಳನ್ನು ರಂಗಕ್ಕ ಎನ್ನುತ್ತೇನೆ. ನಮ್ಮಿಬ್ಬರಲ್ಲಿ ತಂಗಿ ಯಾರೂ ಇಲ್ಲ.

ಅವಳ ಊರು ಬೇವೂರು. ದಿನಾ ಬಸ್ಸಿಗೆ ಬಾಗಲಕೋಟೆಗೆ ಬಂದು, ರೈತರ ಕಾಳು ಮಾರಿಕೊಡುವ ಅಡತಿ ಅಂಗಡಿಯಲ್ಲಿ ಜೋಳ, ಕಡಲೆ ತುಂಬಿದ ಚೀಲಗಳ ಬಾಯಿ ಹೊಲಿಯುತ್ತಾಳೆ. ದಬ್ಬಣ, ಸುತಳಿ, ಯಾರಿಗೂ ಅಂಜದ ನಾಲಗೆ, ಇಷ್ಟೇ ಬಂಡವಾಳ. ಎಚ್‌ಐವಿ ಬಂದದ್ದು ಗಂಡನಿಂದ. ಅದರಿಂದಲೇ ಗಂಡ ತೀರಿಹೋದ. ಮಗ ಕಾಳಪ್ಪನೂ, ಆ ರೋಗವನ್ನು ಹಿಡಿದಿಡುವ ಗುಳಿಗೆ ನಮ್ಮ ಕಡೆ ಬರುವ ಮೊದಲೇ, ಮೂರು ವರ್ಷದವನಿದ್ದಾಗ ಹೋದ. ನಾನು ಆಪ್ತಸಮಾಲೋಚಕಿಯಾಗಿರುವ ದವಾಖಾನೆಗೆ ರಂಗವ್ವ ಹದಿನೈದು ವರ್ಷದಿಂದ ಗುಳಿಗೆಗೆ ಬರುತ್ತಾಳೆ. ಬಂದಾಗಲೆಲ್ಲ ಸೊರಗಿದೆ ಎಂದೋ ದಪ್ಪಗಾದೆ ಎಂದೋ ನನ್ನನ್ನು ಬೈದೇ ಹೋಗುತ್ತಾಳೆ. ಆ ಬೈಗುಳ ನನಗೆ ಬಹಳ ಇಷ್ಟ.

ವರ್ಷದ ಹಿಂದೆ ಅವಳಿಗೆ ಒಂದು ವಿಷಯ ಹೇಳಬೇಕಾಯಿತು. ಎಚ್‌ಪಿವಿ ಎಂಬ ವೈರಸ್ಸು ಎಷ್ಟೋ ಹೆಂಗಸರಿಗೆ ಬಂದು ತಾನಾಗಿಯೇ ಹೋಗುತ್ತದೆ. ಎಚ್‌ಐವಿ ಇದ್ದವರಲ್ಲಿ ಹಟ ಹಿಡಿದು ಕೂರುವುದು ಹೆಚ್ಚು, ಮುಂದೆ ಗರ್ಭಚೀಲದ ಬಾಯಿಗೆ ಕ್ಯಾನ್ಸರ್ ತರಬಹುದು. ಇಷ್ಟು ಹೇಳಿ, “ಅದಕ್ಕ ಒಮ್ಮೆ ಬಾಯಿ ನೋಡೂಣು” ಎಂದೆ. ರಂಗವ್ವ ಅಗಲವಾಗಿ ಬಾಯಿ ತೆರೆದು ನಾಲಗೆ ಚಾಚಿದಳು! ನಾನೂ ನರ್ಸ್ ಮಹೇಶ್ವರಿಯೂ ನಕ್ಕು ಸುಸ್ತಾದೆವು. ಯಾವ ಬಾಯಿ ಎಂದು ತಿಳಿದ ಮೇಲೆ ಅವಳೂ ನಕ್ಕಳು.

ಪರೀಕ್ಷೆಯಾದ ಮೇಲೆ ನಗು ಉಳಿಯಲಿಲ್ಲ. ವಿನೆಗರ್ ನೀರು ಹಚ್ಚಿದಲ್ಲಿ ಬಿಳಿ ಕಲೆ ಎದ್ದಿತ್ತು. ಕ್ಯಾನ್ಸರ್ ಅಲ್ಲ, ಆದರೆ ಬಿಟ್ಟರೆ ಆಗಬಹುದು. ಬಿಸಿ ತಾಗಿಸಿ ಸುಟ್ಟರೆ ಸಾಕು ಎಂದರು ಡಾಕ್ಟರಮ್ಮ. ನಾನು ದೊಡ್ಡ ಜಾಣೆಯಂತೆ, “ಅಂಜಬ್ಯಾಡ ರಂಗಕ್ಕ, ಸೋಮವಾರ ಬಾ, ತಗದುಬಿಡ್ತಾರ” ಎಂದೆ.

ಸೋಮವಾರ ಅವಳು ಬರಲಿಲ್ಲ. ಮುಂದಿನ ಸೋಮವಾರವೂ ಇಲ್ಲ. ಒಮ್ಮೆಯೂ ತಪ್ಪಿಸದಿದ್ದವಳು ಗುಳಿಗೆ ಒಯ್ಯುವ ದಿನವೂ ಬರಲಿಲ್ಲ. ನಾನೇ ಅಡತಿ ಅಂಗಡಿಗೆ ಹೋದೆ. ಪೇರಿಸಿಟ್ಟ ಚೀಲಗಳ ಮರೆಯಲ್ಲಿ ಕೂತು, ಯಾಕೆ ಬರಲಿಲ್ಲ ಎಂದು ಮೆಲ್ಲಗೆ ಕೇಳಿದೆ.

ದಬ್ಬಣ ನಿಂತಿತು. “ನಮ್ಮ ಓಣ್ಯಾಗ ಎಲ್ಲಾರ್ದೂ ಚೀಲ ತಗದಾರ್ರಿ. ಬಿಳಿ ಹೋದ್ರೂ ಚೀಲ ತಗೀರಿ, ನಡಾ ನೋವಾದ್ರೂ ಚೀಲ ತಗೀರಿ. ನಂದು ನಾ ಕೊಡೂದಿಲ್ಲ. ನನ್ನ ಕಾಳಪ್ಪ ಒಂಬತ್ತು ತಿಂಗಳ ಅದರಾಗ ಇದ್ದ. ಅವ ಅಳಲಾರದ ಇದ್ದದ್ದು ಅಲ್ಲಿ ಅಷ್ಟ್ರಿ.”

ನಮ್ಮ ಕಡೆ ‘ತೆಗೆಯುವುದು’ ಎಂದರೆ ಹೆಂಗಸರ ಕಿವಿಗೆ ಒಂದೇ ಅರ್ಥ. ಇಷ್ಟು ವರ್ಷ ಇದೇ ಕೆಲಸ ಮಾಡಿದ ನನಗೆ ಅದು ಹೊಳೆಯಲಿಲ್ಲವಲ್ಲ! ನಾಚಿಕೆಯಾಯಿತು. ಅವಳ ಮಡಿಲಲ್ಲಿದ್ದ ಚೀಲದ ಅಂಚು ಹರಿದಿತ್ತು. ಅದನ್ನೇ ತೋರಿಸಿ ಕೇಳಿದೆ, “ಬಾಯಿ ಹರಿದ್ರ ಚೀಲ ಒಗದುಬಿಡ್ತೀಯೇನು?”

“ಹುಚ್ಚ ಹಿಡದೈತೇನ್ರಿ? ಅಂಚು ಮಡಚಿ ಹೊಲೀತೀನಿ. ಚೀಲಕ್ಕೇನಾಗೈತಿ?”

“ಇದೂ ಅಷ್ಟ ರಂಗಕ್ಕ. ಕಲೆ ಇರೂದು ಬಾಯಿಗೆ. ಅಷ್ಟ ಸುಡ್ತಾರ. ನಿನ್ನ ಚೀಲ ನಿನ್ನ ಕಡೇನ ಇರ್ತೈತಿ.”

ರಂಗವ್ವ ನನ್ನನ್ನು ದಿಟ್ಟಿಸಿ ನೋಡಿದಳು. “ಇದನ್ನ ಮೊದಲ ಹೇಳಾಕ ನಿಮ್ಮ ಬಾಯಿಗೇನಾಗಿತ್ರಿ?”

ಮರುದಿನವೇ ಬಂದಳು. ಒಂದು ನಿಮಿಷದ ಕೆಲಸ. ಹೊಟ್ಟೆ ತುಸು ಹಿಂಡಿದಾಗ ನನ್ನ ಬೆರಳು ಮುರಿಯುವಂತೆ ಹಿಸುಕಿದಳು. ಎದ್ದವಳೇ, ಒಂದು ಚೀಲ ಹೊಲಿಯಲು ಇದಕ್ಕಿಂತ ಹೆಚ್ಚು ಹೊತ್ತು ಬೇಕು ಎಂದಳು.

ಹೋದ ವಾರ ವರ್ಷದ ತಪಾಸಣೆ ಇತ್ತು. ಮಹೇಶ್ವರಿ ಎರಡು ಸಲ ನೋಡಿ, “ಕಲೆ ಇಲ್ಲ ರಂಗಕ್ಕ, ಸ್ವಚ್ಛ ಐತಿ. ಆದ್ರ ತೋರಸೂದು ಬಿಡಬ್ಯಾಡ” ಎಂದಳು. ನಾನು ಬೈಗುಳಕ್ಕೆ ಕಾದೆ. ಬರಲಿಲ್ಲ. ರಂಗವ್ವ ನಿರಿಗೆ ಸರಿಮಾಡಿಕೊಂಡಳು. ಹೊಟ್ಟೆಯ ಮೇಲೆ ಅಂಗೈ ಇಟ್ಟು, ನಾವಿಬ್ಬರೂ ಅಲ್ಲಿಲ್ಲವೆಂಬಂತೆ ಹೇಳಿದಳು:

“ಕಾಳಪ್ಪಾ, ನಿನ್ನ ಮನಿ ಉಳೀತು ನೋಡಪಾ.”