ಹುಲ್ಲನ್ನು ಯಾರೂ ಪರೀಕ್ಷಿಸಲಿಲ್ಲ

“ಈ ವರ್ಷ ನಿನ್ನ ತೋಟದಾಗೆ ಕುರಿ ನಿಲ್ಸಲ್ಲ ಕಣಪ್ಪ,” ಎನ್ನುತ್ತಾ ಕುರಿ ಕಾಯುವ ಈರಜ್ಜ ನಾನು ತಂದಿದ್ದ ಎಲೆ-ಅಡಿಕೆಯನ್ನು ಹಿಂದಕ್ಕೆ ಸರಿಸಿದರು.

ನಮ್ಮ ದಾಳಿಂಬೆ ಹೊರದೇಶಕ್ಕೆ ಹೋಗುತ್ತದೆ. ಅಲ್ಲಿಯ ವ್ಯಾಪಾರಿಗಳು ಈಗ ರಾಸಾಯನಿಕ ಗೊಬ್ಬರ ಬೇಡವೆನ್ನುತ್ತಾರೆ. ಅದಕ್ಕೇ ಕುರಿಗೊಬ್ಬರಕ್ಕಾಗಿ ಮಂದೆಯನ್ನು ಕೆಲವು ದಿನ ತೋಟದಲ್ಲಿ ತಂಗಿಸಿ ಎಂದು ಕೇಳಲು ಯಲ್ಲದಕೆರೆ ಬಳಿಯ ಅವರ ಹಟ್ಟಿಗೆ ಹೋಗಿದ್ದೆ.

ಕಾರಣ ಕೇಳಿದೆ.

“ಹೋದ ವರ್ಷ ಗಿಡದ ಬುಡದಾಗಿನ ಹುಲ್ಲು ಮೇಯ್ದು ಮೂರು ಮರಿ ಸತ್ವು. ನೀನು ನೊಂದ್ಕಂತೀಯ ಅಂತ ಹೇಳ್ಲಿಲ್ಲ. ನಾನೇ ಮಣ್ಣು ಮಾಡ್ದೆ.”

ಕೊಯ್ಲಾದ ಮೇಲೆ ಗಿಡಗಳಿಗೆ ಔಷಧಿ ಹೊಡೆದಿದ್ದನ್ನು ಅವರಿಗೆ ಹೇಳಲು ನಾನು ಮರೆತಿದ್ದೆ.

ಹೋದ ವರ್ಷ ಮಂದೆ ತೋಟದಲ್ಲಿದ್ದ ವಾರವೇ ನಮ್ಮ ಹಣ್ಣಿನಲ್ಲಿ ವಿಷದ ಅಂಶ ಇಲ್ಲವೆಂದು ಪರೀಕ್ಷೆಯ ವರದಿ ಬಂದಿತ್ತು. ಆ ಖುಷಿಗೆ ಅಜ್ಜನಿಗೂ ಪೇಡ ಕೊಟ್ಟಿದ್ದೆ. ಮರಿಗಳನ್ನು ಹೂಳಿ ಬಂದ ಕೈಯಲ್ಲೇ ಅದನ್ನು ತೆಗೆದುಕೊಂಡು, “ಒಳ್ಳೇದಾಗ್ಲಿ” ಅಂದಿದ್ದರು.