ದೋಣಿ ಬರುವ ಹೊತ್ತಿನ ಸಿನೆಮಾಗಳು

ಒಂದು ವಿಷಯ ನಿಮ್ಮಲ್ಲಿ ಒಪ್ಪಿಕೊಂಡುಬಿಡುತ್ತೇನೆ, ಇನ್ಯಾರಿಗೂ ಹೇಳಬೇಡಿ. ಶಿರೂರಿನಿಂದ ಕುಂದಾಪುರದವರೆಗೆ ಸಿನೆಮಾ ಹುಚ್ಚನೆಂದೇ ಹೆಸರಾದ ನಾನು, ಚಿಕ್ಕಂದಿನಲ್ಲಿ ನೋಡಿದ ಸಿನೆಮಾಗಳಲ್ಲಿ ಮುಕ್ಕಾಲು ಪಾಲನ್ನು ಕೊನೆತನಕ ನೋಡಿಯೇ ಇಲ್ಲ. ಇದು ನನಗೇ ಗೊತ್ತಾದದ್ದು ಕಳೆದ ತಿಂಗಳು, ಅರವತ್ತೆರಡನೆಯ ವಯಸ್ಸಿನಲ್ಲಿ. ಅದೂ ಮನೆಯಲ್ಲಿ ಅಲ್ಲ, ಬ್ರಹ್ಮಾವರದಲ್ಲಿ, ಮೈಕಿನ ಮುಂದೆ.

ಅಲ್ಲಿನ ಕಾಲೇಜಿನ ಮಕ್ಕಳು ಬೇರೆ ಬೇರೆ ಕಾಲದ ಸಿನೆಮಾಗಳ ಬಗ್ಗೆ ಮಾತಾಡಿ ಎಂದು ಕರೆದಿದ್ದರು. ನಾನು ನಿವೃತ್ತ ಪೋಸ್ಟ್‌ಮ್ಯಾನ್. ಕಾಗದ ಹಂಚುವಾಗ ಮನೆಮನೆಯ ಮೆಟ್ಟಿಲಲ್ಲಿ ನಿಂತು ಸಿನೆಮಾ ವಿಮರ್ಶೆ ಮಾಡಿದವನಿಗೆ ಮೈಕು ಸಿಕ್ಕಿದರೆ ಕೇಳಬೇಕೆ? ಪೌರಾಣಿಕದಿಂದ ಶುರುಮಾಡಿದೆ. ರಟ್ಟಿನ ಕಿರೀಟ, ದಾರದಲ್ಲಿ ತೂಗಾಡುವ ಬಾಣ, ಅರ್ಧ ದಾರಿಯಲ್ಲಿ ನಿಂತು ಪದ್ಯ ಮುಗಿಯಲಿ ಎಂದು ಕಾಯುವ ಸುದರ್ಶನ ಚಕ್ರ. ಅಲ್ಲಿಂದ ಪತ್ತೇದಾರಿಗೆ ಬಂದೆ. ಇಡೀ ಊರಿಗೇ ಕೊಲೆಗಾರ ಯಾರೆಂದು ಗೊತ್ತಿದ್ದರೂ ಇನ್ಸ್‌ಪೆಕ್ಟರಿಗೆ ಮಾತ್ರ ಗೊತ್ತಿರುತ್ತಿರಲಿಲ್ಲ. ಮಕ್ಕಳು ನಗುತ್ತಿದ್ದರು, ನಾನು ಉಬ್ಬುತ್ತಿದ್ದೆ. ಉಬ್ಬಿದ ಭರದಲ್ಲಿ, ನನ್ನನ್ನು ಜೀವಮಾನವಿಡೀ ಕಾಡಿದ ಒಂದು ಸಾಂಸಾರಿಕ ಚಿತ್ರದ ಕೊನೆಯ ದೃಶ್ಯವನ್ನು ವರ್ಣಿಸಿದೆ. ದೊಡ್ಡ ಬಂಗಲೆ, ಮಂಚದ ಮೇಲೆ ಕ್ಷಯ ಹಿಡಿದ ತಾಯಿ, ಓಡಿ ಬರುವ ಮಗ. ತಾಯಿ ಎದ್ದು ಕೂರುತ್ತಾಳೆ, ಮಗನ ಕೈಯಿಂದ ಗಂಜಿ ಕುಡಿಯುತ್ತಾಳೆ, ನಂಚಿಕೊಳ್ಳಲು ಒಣ ಸಿಗಡಿ ಚಟ್ನಿ.

ಸಭೆ ಗೊಳ್ಳೆಂದಿತು. ಮುಂದಿನ ಸಾಲಿನ ಹುಡುಗಿಯೊಬ್ಬಳು ಮಾತ್ರ ನಗದೆ ಎದ್ದು ನಿಂತಳು. "ಸರ್, ಆ ಪಿಕ್ಚರಲ್ಲಿ ಅಮ್ಮ ಸಾಯ್ತಾರಲ್ಲ ಸರ್?"

"ನೀನು ಹುಟ್ಟುವ ಮೊದಲಿನ ಸಿನೆಮಾ ಅದು ಮಗೂ," ಎಂದೆ, ದೊಡ್ಡ ಮನಸ್ಸಿನಿಂದ.

ಅವಳು ಮೊಬೈಲು ತಂದು ನನ್ನ ಮೂಗಿನ ಕೆಳಗೇ ಹಿಡಿದಳು. ಬಂಗಲೆ ಅದೇ, ಮಂಚ ಅದೇ. ಮಗ ಓಡಿ ಬಂದ, ತಾಯಿಯ ಕೈ ಮಂಚದಿಂದ ಜಾರಿತು, ದೀಪ ಆರಿತು. ಗಂಜಿಯ ಸುಳಿವೇ ಇಲ್ಲ. ನನಗೆ ಕಾಲಡಿಯ ನೆಲ ಕುಸಿದಂತಾಯಿತು. ಸಿನೆಮಾದಲ್ಲಿ ಜನರಿಗೆ ಹೀಗಾದಾಗ ಗುಡುಗು, ಮಿಂಚು, ಮೂರು ದಿಕ್ಕಿನಿಂದ ಮುಖ ತೋರಿಸುವುದು ಎಲ್ಲ ಇರುತ್ತದೆ. ನನಗೆ ಒಂದು ಲೋಟ ನೀರು ಕೊಟ್ಟರು.

ಮನೆಗೆ ಬಂದವನೇ ಮೊಬೈಲು ಹಿಡಿದು, ನನಗೆ ಬಾಯಿಪಾಠವಾಗಿದ್ದ ಹಳೆಯ ಸಿನೆಮಾಗಳ ಕೊನೆಗಳನ್ನು ಒಂದೊಂದಾಗಿ ಹಾಕಿ ನೋಡಿದೆ. ಆಘಾತದ ಮೇಲೆ ಆಘಾತ. ಕಳ್ಳಸಾಗಣೆಯ ಚಿತ್ರದಲ್ಲಿ ಮಗನಿಗೆ ಬಿಟ್ಟ ಗುಂಡಿಗೆ ತಾಯಿ ಅಡ್ಡ ಬರುತ್ತಾಳಷ್ಟೆ? ನನ್ನ ನೆನಪಿನಲ್ಲಿ ಆ ಗುಂಡು ಅವಳ ಸೊಂಟದ ಎಲೆಯಡಿಕೆ ಡಬ್ಬಿಗೆ ತಾಗಿ ಟಣ್ಣೆಂದು ಹಾರಿಹೋಗಿತ್ತು. ಪರದೆಯಲ್ಲಿ ಡಬ್ಬಿಯೇ ಇಲ್ಲ. ದೆವ್ವದ ಚಿತ್ರದ ಬಿಳಿ ಸೀರೆಯ ಹೆಂಗಸು, ನನ್ನ ಪ್ರಕಾರ, ಜೀವಂತವಾಗಿದ್ದ ತಾಯಿ. ಕೊನೆಗೆ ಮನೆಗೆ ಬಂದು ಒಲೆ ಹಚ್ಚಿ ಗಂಜಿಗಿಡುತ್ತಾಳೆ. ನಿಜದಲ್ಲಿ ಅವಳು ಅಪ್ಪಟ ದೆವ್ವ! ಐವತ್ತು ವರ್ಷ ಊರೂರಿಗೆ ನಾನು ಹಂಚಿದ್ದು ತಪ್ಪು ವಿಳಾಸದ ಕಾಗದ. ಪೋಸ್ಟ್‌ಮ್ಯಾನಿಗೆ ಇದಕ್ಕಿಂತ ಅವಮಾನ ಇನ್ನೇನಿದೆ?

ಆದರೆ ಆ ಡಬ್ಬಿಯನ್ನು ನಾನು ನೋಡಿದ್ದೆ. ಗಂಜಿ, ಒಣ ಸಿಗಡಿ ಚಟ್ನಿಯನ್ನೂ ಬಲ್ಲೆ. ಮೂರೂ ಉಪ್ಪುಂದದ ನನ್ನ ಚಿಕ್ಕಿಯವು.

ಅಬ್ಬಿ, ಅಂದರೆ ನನ್ನ ತಾಯಿ, ತೀರಿಕೊಂಡಾಗ ನನಗೆ ಏಳು ವರ್ಷ. ಆಮೇಲೆ ನನ್ನನ್ನು ಸಾಕಿದವಳು ಅವಳ ತಂಗಿ, ಈ ಚಿಕ್ಕಿ. ಬೆಳಿಗ್ಗೆ ಬುಟ್ಟಿ ಹೊತ್ತು ಕುಂದಾಪುರಕ್ಕೆ ಬಸ್ಸಿನಲ್ಲಿ ಹೋಗಿ ಮೀನು ಮಾರುತ್ತಿದ್ದಳು. ಶಾಲೆಗೆ ರಜೆಯಿದ್ದರೆ ನಾನೂ ಬಾಲ. ಮಧ್ಯಾಹ್ನ ಬುಟ್ಟಿ ಖಾಲಿಯಾದರೆ ಅದನ್ನು ಗೂಡಂಗಡಿಯ ಹಿಂದೆ ಬೋರಲು ಹಾಕಿ ಮ್ಯಾಟಿನಿಗೆ ಹೋಗುವುದು. ಎಷ್ಟು ಸಾಬೂನು ಹಾಕಿ ತೊಳೆದರೂ ಚಿಕ್ಕಿಯ ಕೈಯ ಮೀನಿನ ವಾಸನೆ ಬಿಡುತ್ತಿರಲಿಲ್ಲ. ಅಕ್ಕಪಕ್ಕದವರು ದೂರ ಸರಿಯುತ್ತಿದ್ದರು, ನಮಗೆ ಕಾಲು ಚಾಚಲು ಜಾಗವಾಗುತ್ತಿತ್ತು. ದೇವರ ಸಿನೆಮಾ, ನಗೆಯ ಸಿನೆಮಾ ಆದರೆ 'ಶುಭಂ' ಬರುವವರೆಗೂ ಕೂರುತ್ತಿದ್ದೆವು. ಮಿಕ್ಕವುಗಳಲ್ಲಿ, ಕಥೆ ಬಿಗಿಯಾಗುವ ಹೊತ್ತಿಗೆ ಸರಿಯಾಗಿ ಚಿಕ್ಕಿ ನನ್ನ ರಟ್ಟೆ ಹಿಡಿದು ಎಬ್ಬಿಸುತ್ತಿದ್ದಳು. ಸಂಜೆಯ ದೋಣಿ ಬರುವ ಮೊದಲು ದಡದಲ್ಲಿರಬೇಕು, ಇಲ್ಲದಿದ್ದರೆ ಒಳ್ಳೆಯ ಮೀನು ಬೇರೆಯವರ ಪಾಲು. ಉಳಿದ ಕಥೆಯನ್ನು ಬಸ್ಸಿನಲ್ಲಿ ಅವಳೇ ಹೇಳುತ್ತಿದ್ದಳು. ಕಿವಿಯಲ್ಲಿ ಕೇಳಿದ್ದಕ್ಕೆ ಮನಸ್ಸು ಚಿತ್ರ ಬರೆದುಕೊಂಡು, ಎಲ್ಲವೂ ಪರದೆಯಲ್ಲೇ ಕಂಡದ್ದೆಂದು ನಂಬಿಕೊಂಡಿತ್ತು. ಈಗಿನ ಮಕ್ಕಳನ್ನು ನೋಡಿ, ಸಿನೆಮಾ ಮುಗಿದರೂ ಏಳುವುದಿಲ್ಲ. ಹೆಸರುಗಳೆಲ್ಲ ಹೋದ ಮೇಲೆ ಬರುವ ಒಂದು ಚೂರಿಗಾಗಿ ಕಾಯುತ್ತಾರೆ.

ಸಿಟ್ಟು ಬಂತು. ಮರುದಿನವೇ ಉಪ್ಪುಂದಕ್ಕೆ ಹೋದೆ. ಎಂಬತ್ತು ದಾಟಿದ ಚಿಕ್ಕಿ ಅಂಗಳದಲ್ಲಿ ಒಣಮೀನು ಹರವಿ ಕಾಗೆ ಕಾಯುತ್ತಿದ್ದಳು.

"ಹ್ವಾಯ್, ಎಂತ ಮಗಾ, ಮೋರಿ ಹಿಂಗ್ ಮಾಡ್ಕಂಡ್ ಬಂದಿದ್ದೆ?"

"ಚಿಕ್ಕಿ, ಬಸ್ಸಿನೊಳ್ಗ್ ನೀ ಹೇಳದ್ ಕಥಿ ಎಲ್ಲ ಸುಳ್ಳ್ ಅಲ್ದಾ?"

"ಸುಳ್ಳಲ್ದೆ ಮತ್ತೆಂತ?" ಎಂದು ಕಾಗೆಗೆ ಕೋಲು ಬೀಸಿದಳು. ಐವತ್ತು ವರ್ಷದ ವಂಚನೆಗೆ ಇಷ್ಟೇ ಉತ್ತರ!

"ಇನ್ನೊಂದ್ ಗಳಿಗಿ ಕೂಕಂಡಿದ್ರೆ ಪಿಚ್ಚರಿನ್ ಕಡಿ ಕಾಂಬುಕಾತಿತ್ತ್. ದೋಣಿ ಒಂಚೂರ್ ಕಾಯ್ತಿರ್ಲಿಲ್ಯಾ?"

"ದೋಣಿ ಬಪ್ಪುದ್ ಆರ್ ಗಂಟಿ ಮೇಲೆ ಮಗಾ. ದಡದಲ್ಲ್ ಎಷ್ಟೊತ್ತ್ ಕೂಕಣ್ಕಾತಿತ್ತ್, ನೆನ್ಪಿಲ್ಯಾ?"

ನೆನಪಿತ್ತು. ಮರಳಲ್ಲಿ ಕೋಟೆ ಕಟ್ಟಿ, ಕೆಡವಿ, ಮತ್ತೆ ಕಟ್ಟಿದರೂ ದೋಣಿ ಬರುತ್ತಿರಲಿಲ್ಲ. ಹಾಗಾದರೆ ಓಡಿ ಬಂದದ್ದು ಏಕೆ?

ಚಿಕ್ಕಿ ಕೋಲು ಕೆಳಗಿಟ್ಟಳು. "ನಿನ್ನಬ್ಬಿ ಹೋಯಿ ವರ್ಷ ಆಯಿರ್ಲಿಲ್ಲ. ನಿಂಗ್ ಪಿಚ್ಚರ್ ಅಂದ್ರೆ ಜೀವ. ಆಗಿನ್ ಪಿಚ್ಚರಗೆಲ್ಲ ಕಡಿಗೆ ಅಬ್ಬಿಯೇ ಸಾಯ್ಕಲೆ. ಮುಂಚೆ ಕಂಡ್ ಬಂದ ಹೆಂಗ್ಸ್ರ ಹತ್ರ ಮಾರ್ಕೆಟಂಗೆ ಕೇಂತಿದ್ದೆ, ಅಬ್ಬಿ ಬದ್ಕತ್ತಾ ಇಲ್ಯಾ ಅಂದೇಳಿ. ಬದ್ಕತ್ತಿಲ್ಲೆ ಅಂದ್ರೆ, ದೋಣಿ ಬಂತ್."

ಬ್ರಹ್ಮಾವರದ ಆಘಾತ ಇದರ ಮುಂದೆ ಏನೇನೂ ಅಲ್ಲ. ನನ್ನ ಸಿಟ್ಟು ಎಲ್ಲಿ ಹೋಯಿತೋ. ಅವಳಿಗೂ ಸಿನೆಮಾ ಅಂದರೆ ಜೀವವೇ; ದುಡಿಮೆಯ ನಡುವೆ ಕದ್ದ ಮೂರು ಗಂಟೆಯ ಸುಖವನ್ನು, ಪರದೆಯ ತಾಯಿ ಸಾಯುವುದನ್ನು ನಾನು ನೋಡಬಾರದೆಂದು, ಅವಳೇ ಅರ್ಧಕ್ಕೆ ತುಂಡರಿಸುತ್ತಿದ್ದಳು.

"ಹಂಗಾರೆ ನೀನೂ ಕಡಿ ಕಂಡಿಲ್ಯಾ ಚಿಕ್ಕಿ?"

"ಒಬ್ಳೆ ಮತ್ತ್ ಹೋಪುಕೆ ಪುರ್ಸೊತ್ತೆಲ್ಲಿತ್ತ್?"

ನಾನು ಮೊಬೈಲು ತೆಗೆದು ಅದೇ ಬಂಗಲೆಯ ಚಿತ್ರ ಹಾಕಿದೆ. ಈಗಲಾದರೂ ಅವಳ ಬಾಕಿ ತೀರಲಿ ಎಂದು. ಚಿಕ್ಕಿ ಕನ್ನಡಕ ಏರಿಸಿಕೊಂಡು ಪಕ್ಕಕ್ಕೆ ಬಂದಳು. ಕೈಯಲ್ಲಿ ಈಗಲೂ ಅದೇ ವಾಸನೆ. ಪರದೆ ನೋಡುವ ಮೊದಲು ನನ್ನ ಮುಖ ನೋಡಿದಳು. "ಕಾಂಬ. ನೀ ಮರ್ಕುದಿಲ್ಯಲೆ?"

ಅರವತ್ತೆರಡು ವರ್ಷದ ಮುದುಕ ಅಳುತ್ತಾನೆಯೇ? ನಕ್ಕುಬಿಟ್ಟೆ. ಮಂಚದ ಮೇಲೆ ತಾಯಿ ಕೆಮ್ಮಿದಳು. ಮಗ ಓಡಿ ಬರತೊಡಗಿದ. ಆಗ ಯಾರೋ ಮೂಗನ್ನು ಸೊರ್ರೆಂದು ಎಳೆದುಕೊಂಡ ಸದ್ದಾಯಿತು. ನಾನೇ.

ಚಿಕ್ಕಿ ಮೊಣಕಾಲಿಗೆ ಕೈಯೂರಿ ಎದ್ದಳು. ನನ್ನ ರಟ್ಟೆ ಹಿಡಿದಳು.

"ಏಳ್ ಮಗಾ. ದೋಣಿ ಬಪ್ಪೊತ್ತಾಯ್ತ್."

ಮೊಬೈಲು ಕಿಸೆಗೆ ಹಾಕಿ ಹೊರಟೆ. ಕಡಲಿನ ಕಡೆ ನಡೆಯುತ್ತಾ ಚಿಕ್ಕಿ ಉಳಿದ ಕಥೆ ಹೇಳಿದಳು. ಈ ಸಲ ತಾಯಿ ಎರಡು ಬಟ್ಟಲು ಗಂಜಿ ಕುಡಿದಳು.