ಒಡೆಸ್ಸಾಳ ಅವಸರ

ಒಡೆಸ್ಸಾ ಪ್ರೂಯಿಟ್ ತಾಳ್ಮೆಗೆಟ್ಟ ಹೆಂಗಸು. ಕಾಯುವುದೆಂದರೆ ಅವಳಿಗಾಗದು. ಒಲೆಯ ಮೇಲಿನ ಸೊಪ್ಪು ಬೇಯುವ ಮುನ್ನವೇ ತಟ್ಟೆ ಹಾಕುವಳು. ಪಾದ್ರಿ ಪ್ರಾರ್ಥನೆಯನ್ನು ಎಳೆದರೆ ತಾನೇ ಗಟ್ಟಿಯಾಗಿ ‘ಆಮೆನ್’ ಎಂದು ಮುಗಿಸಿಬಿಡುವಳು. ಪಶ್ಚಿಮ ಬಾಲ್ಟಿಮೋರಿನ ಆ ಬೀದಿಯವರು ಇದನ್ನು ಹೇಳಿಕೊಂಡು ನಗುತ್ತಿದ್ದರು. ಅಂಗಿಗಳ ಪ್ರಸಂಗ ನಡೆದ ಮೇಲೆ ಯಾರೂ ನಗಲಿಲ್ಲ.

ಮೊಮ್ಮಗ ರೋಮೆಲ್‌ಗೆ ಹತ್ತೊಂಬತ್ತು. ಜೂನ್ ತಿಂಗಳ ಒಂದು ಶುಕ್ರವಾರ ಸಂಜೆ ಮೂಲೆಯಂಗಡಿಯಿಂದ ಕರಿದ ಮೀನು ಕಟ್ಟಿಸಿಕೊಂಡು ಬರುತ್ತಿದ್ದಾಗ, ಇನ್ಯಾರಿಗೋ ಹಾರಿಸಿದ ಗುಂಡು ಅವನ ಪಕ್ಕೆಗೆ ಹೊಕ್ಕಿತು. ಆಂಬುಲೆನ್ಸಿನ ಹಿಂದೆಯೇ ಒಡೆಸ್ಸಾ ಆಸ್ಪತ್ರೆಗೆ ಹೋಗಿ ಹೆಸರು ಹೇಳಿದಳು. ಗಾಜಿನ ಹಿಂದಿದ್ದ ಹುಡುಗಿ ಕಂಪ್ಯೂಟರ್ ನೋಡಿ, “ಆ ಹೆಸರಿನೋರು ಇಲ್ಲಿ ಯಾರೂ ಇಲ್ಲಮ್ಮ” ಎಂದಳು.

ಹೊಡೆದವರು ಹುಡುಕಿಕೊಂಡು ಬಂದಾರೆಂದು, ಗುಂಡು ತಗುಲಿದವರನ್ನು ಆಸ್ಪತ್ರೆಯಲ್ಲಿ ಬೇರೆ ಹೆಸರಿನಿಂದ ಸೇರಿಸಿಕೊಳ್ಳುತ್ತಾರೆ. ಒಡೆಸ್ಸಾಳಿಗೆ ಅದು ತಿಳಿದಿರಲಿಲ್ಲ. ರೋಮೆಲ್‌ನ ಅಪ್ಪ, ಅಂದರೆ ಅವಳ ಮಗ ಕರ್ಟಿಸ್, ಗುಂಡೇಟಿಗೆ ಸತ್ತ ದಿನವೂ ಇದೇ ಮಾತು ಹೇಳಿದ್ದರು. ಆಗ ಹೆಣ ಶವಾಗಾರಕ್ಕೆ ಹೋಗಿಯಾಗಿತ್ತು. ರೋಮೆಲ್ ಕೂಡ ಹೋದನೆಂದುಕೊಂಡು ಅವಳು ಇನ್ನೊಮ್ಮೆ ಕೇಳಲಿಲ್ಲ. ಅಳಲೂ ಇಲ್ಲ. ಬೆಳಗಾಗುತ್ತಲೇ ಅಂಗಿಗೆ ಚಿತ್ರ ಅಚ್ಚು ಹಾಕುವವನ ಅಂಗಡಿಗೆ ನಡೆದಳು. ಆ ಕಡೆ ಹುಡುಗರು ಸತ್ತರೆ ಅವರ ಮುಖವಿರುವ ಅಂಗಿ ತೊಟ್ಟೇ ಬೀದಿಯವರೆಲ್ಲ ಮಣ್ಣಿಗೆ ಹೋಗುವುದು. ಹುಟ್ಟಿದ ತಾರೀಖಿಗೆ ‘ಸೂರ್ಯೋದಯ’ ಎಂದೂ ಸತ್ತ ತಾರೀಖಿಗೆ ‘ಸೂರ್ಯಾಸ್ತ’ ಎಂದೂ ಬರೆಸುತ್ತಾರೆ.

ಅಂಗಿಗಳನ್ನು ಬೀದಿಗೆಲ್ಲ ಹಂಚಿ ಮುಗಿಸುವ ಹೊತ್ತಿಗೆ ಐವರಿ ಟಿಲ್ಮನ್ ಬಾಗಿಲು ತಟ್ಟಿದ. ಗುಂಡೇಟು ತಿಂದು ಬದುಕಿದ ಹುಡುಗರನ್ನು ವಿಚಾರಿಸಿಕೊಳ್ಳುವುದು ಆಸ್ಪತ್ರೆಯಲ್ಲಿ ಅವನ ಕೆಲಸ. ತಾನೂ ಹಿಂದೊಮ್ಮೆ ತಿಂದವನೇ. “ರೋಮೆಲ್‌ಗೆ ಎಚ್ಚರ ಆಗಿದೆ. ಅಜ್ಜಿ ಯಾಕೆ ಬಂದಿಲ್ಲ ಅಂತ ಕೇಳ್ತಿದಾನೆ” ಎಂದ.

ಒಡೆಸ್ಸಾ ಮನೆಮನೆಗೆ ಹೋಗಿ ಅಂಗಿಗಳನ್ನು ವಾಪಸು ತಂದಳು. ಒಂದು ಉಳಿದುಹೋಯಿತು. ರೋಮೆಲ್ ಮನೆಗೆ ಮರಳಿದ ವಾರ, ಎದುರುಮನೆಯ ಬರ್ನೀಸ್ ಅದನ್ನು ತೊಟ್ಟು ಗಿಡಕ್ಕೆ ನೀರು ಹಾಕುವುದು ಅವನಿಗೆ ಕಿಟಕಿಯಿಂದ ಕಂಡಿತು. ಬಟ್ಟೆ ಗಟ್ಟಿಯಾಗಿದೆ, ಬಿಸಾಡುವುದೇಕೆ ಎಂದು ಬರ್ನೀಸಳ ಎಣಿಕೆ.

“ಅಜ್ಜಿ, ನನ್ನ ಸೂರ್ಯಾಸ್ತ ಶುಕ್ರವಾರಾನೇ ಆಗ್ಹೋಯ್ತಾ?”

“ತಪ್ಪು ಅಚ್ಚಾಗಿದೆ. ಸೂಪು ಕುಡಿ.”

ಅವನು ಹಾಸಿಗೆಯನ್ನು ಕಿಟಕಿಯಿಲ್ಲದ ನಡುಮನೆಗೆ ಎಳೆದುಕೊಂಡ. ನಿದ್ದೆ ಬಿಟ್ಟ. ಪಕ್ಕದ ಮನೆಯ ಬಾಗಿಲು ಬಡಿದುಕೊಂಡರೆ ಬೆವೆತುಹೋಗುತ್ತಿದ್ದ. ಗಾಯ ಮಾಯಿತು, ಅವನು ಹೊಸಿಲು ದಾಟಲಿಲ್ಲ.

ಗುಂಡೇಟು ತಿಂದ ಹುಡುಗರು ಗುರುವಾರ ಗುರುವಾರ ಆಸ್ಪತ್ರೆಯ ನೆಲಮಾಳಿಗೆಯಲ್ಲಿ ಸುತ್ತ ಕೂತು ಮಾತಾಡುತ್ತಿದ್ದರು. ಮನಸ್ಸಿನ ಡಾಕ್ಟರೊಬ್ಬಳು ಜೊತೆಗಿರುತ್ತಿದ್ದಳು. ಐವರಿ ಕರೆಯಲು ಬರುವನು, ರೋಮೆಲ್ ಗೋಡೆಯ ಕಡೆ ತಿರುಗಿ ಮಲಗುವನು.

“ಮಾತಾಡಿದ್ರೆ ವಾಸಿಯಾಗೋ ಹಾಗಿದ್ರೆ ದಿನವಿಡೀ ಹರಟೋ ಬರ್ನೀಸ್‌ಗೆ ಸಾವೇ ಬರಲ್ಲ ಬಿಡು” ಎಂದಳು ಒಡೆಸ್ಸಾ. “ನಿನ್ನ ಹೊಟ್ಟೆ ನೋಡಿದ್ರೆ ಗುಂಡು ತಿಂದೋನು ಅಂತ ಯಾರಂತಾರೆ?”

“ತಿಂದಿದ್ದು ಹೊಟ್ಟೆಗೇ, ಮಿಸ್ ಒಡೆಸ್ಸಾ. ಆವತ್ತಿಂದ ಅದನ್ನ ಚೆನ್ನಾಗಿ ನೋಡ್ಕೊಂಡಿದೀನಿ.” ನಕ್ಕ ಐವರಿ ದನಿ ತಗ್ಗಿಸಿದ. “ಹೋದ ವರ್ಷ ಒಬ್ಬ ಹುಡುಗ ಹೀಗೇ ಒಳಗೇ ಇದ್ದುಬಿಟ್ಟ. ಆಮೇಲೆ ಒಂದಿನ ಅವನ ತಾಯೇ ಬಾಗಿಲು ಒಡೆಸಬೇಕಾಯ್ತು.”

ಆಮೇಲೆ ಗುರುವಾರ ಬಂದರೆ ಒಡೆಸ್ಸಾಳದು ಬೆಳಗಿನಿಂದಲೇ ಶುರು: “ಏಳು. ಶೂ ಹಾಕ್ಕೋ. ಬಸ್ಸು ನಿನ್ನಪ್ಪನದಾ, ಕಾಯೋಕೆ?” ಅವನು ಮುಸುಕೆಳೆದುಕೊಳ್ಳುವನು.

ನವೆಂಬರಿನ ಒಂದು ಗುರುವಾರ ಯಾರೂ ಎಬ್ಬಿಸದೆಯೇ ರೋಮೆಲ್ ಎದ್ದು ಶೂ ಹಾಕಿಕೊಂಡ. ಒಡೆಸ್ಸಾ ಚರ್ಚಿಗೆಂದು ಇಟ್ಟಿದ್ದ ಕೋಟು ತೊಟ್ಟು, ಮಾತಾಡಿದರೆ ಎಲ್ಲಿ ಮನಸ್ಸು ಬದಲಾಯಿಸುವನೋ ಎಂದು ಬಾಯಿ ಮುಚ್ಚಿಕೊಂಡು ನಡೆದಳು. ಮಳೆ ಬಂದು ನಿಂತಿತ್ತು. ಇಬ್ಬರೂ ಬಸ್ ಸ್ಟಾಪು ಮುಟ್ಟಿದರು. ಬಸ್ಸು ತಿರುವಿನಲ್ಲಿ ಕಾಣಿಸಿತು.

ಅಷ್ಟರಲ್ಲಿ ಹಿಂದೆಲ್ಲೋ ಒಂದು ಲಾರಿಯ ಹಿಂಬಾಗಿಲು ದಢಾರನೆ ಕಳಚಿ ಬಿತ್ತು. ರೋಮೆಲ್ ಪಕ್ಕದಲ್ಲಿಲ್ಲ. ನಿಲ್ಲಿಸಿದ್ದ ಎರಡು ಕಾರುಗಳ ನಡುವೆ ತಲೆಯ ಮೇಲೆ ಕೈಹೊತ್ತು ಮುದುಡಿಕೊಂಡಿದ್ದ, ಹಲ್ಲು ಕಟಕಟಿಸುತ್ತಿದ್ದವು.

ಬಸ್ಸು ಬಂದು ನಿಂತು ಬಾಗಿಲು ತೆರೆಯಿತು. “ಹತ್ತೀರೇನಮ್ಮ? ಮುಂದಿನದು ತುಂಬಾ ತಡ” ಎಂದ ಡ್ರೈವರು.

ಒಡೆಸ್ಸಾ ಬಸ್ಸನ್ನು ನೋಡಿದಳು, ಮೊಮ್ಮಗನ ಬೆನ್ನನ್ನು ನೋಡಿದಳು. ಏಳು ಎನ್ನಲಿಲ್ಲ. ಕಾರಿನ ಬಂಪರು ಹಿಡಿದು, ನೋಯುವ ಮಂಡಿ ಒಂದೊಂದಾಗಿ ಮಡಿಸಿ, ಚರ್ಚಿನ ಕೋಟಿನಲ್ಲೇ ಒದ್ದೆ ರಸ್ತೆಯ ಮೇಲೆ ಅವನ ಪಕ್ಕ ಕೂತಳು. ಕೂತಲ್ಲಿಂದಲೇ ಕೈಯೆತ್ತಿ, ಹೋಗು ಎಂದು ಬಸ್ಸಿಗೆ ಬೀಸಿದಳು.